ಕಿಟ್ಟ ಒಣಗುವ ತನಕ ಕಾಯೋಣ

ಪ್ರೀತಿಯ ಗೆಳೆಯಾ,

ಹೋದ ಭಾನುವಾರ ನೀನು ನಡೆಸಿದ ಕಿನ್ನಾಳದ ಮರದ ಗೊಂಬೆ ಕಲೆಯ ಆನ್‌ಲೈನ್ ಕಾರ್ಯಾಗಾರಕ್ಕೆ ನಾನೂ ಕೂತಿದ್ದೆ. ಕೊಪ್ಪಳದಿಂದ ಕಿನ್ನಾಳಕ್ಕೆ ಬಸ್ ಹತ್ತಿದರೆ ಅರ್ಧ ತಾಸು. ಆದರೂ ಈ ಗೊಂಬೆ ಮಾಡುವ ಚಿತ್ರಗಾರರ ಬಗ್ಗೆ ನೀನು ಹೇಳಿದ್ದರಲ್ಲಿ ನನಗೆ ಗೊತ್ತಿಲ್ಲದ್ದೇ ಜಾಸ್ತಿ ಇತ್ತು. ಹಂಪಿ ವಿರೂಪಾಕ್ಷ ಗುಡಿಯ ಚಿತ್ರಗಳು ಇವರ ಹಿರಿಯರ ಕೈಕೆಲಸ ಅಂತಾರಲ್ಲ, ಆ ಮಾತು ಬಂದಾಗ ತುಂಬಾ ಖುಷಿಯಾಯಿತು.

ಆದರೆ ಒಂದು ವಿಷಯ ಹೇಳಲೇಬೇಕು. ನೀನು ಕಿಟ್ಟವನ್ನೇ, ಬಣ್ಣಕ್ಕೆ ಮೊದಲು ಗೊಂಬೆಯ ಮೈಗೆ ಮೆತ್ತುವ ಆ ಕಣಕವನ್ನೇ, ಬಿಟ್ಟೆ.

ಎಲ್ಲರಿಗೂ ಕೊರಿಯರ್‌ನಲ್ಲಿ ನುಣುಪಾದ ಬಿಳಿ ಗಿಳಿಗೊಂಬೆ ಬಂತು, ಬಣ್ಣ ಬಂತು, ಎರಡು ತಾಸಿನಲ್ಲಿ ಎಲ್ಲರೂ ಬಳಿದು ಕ್ಯಾಮೆರಾಗೆ ತೋರಿಸಿದರು. ಆ ಗಿಳಿ ಅಷ್ಟು ನುಣುಪಾಗಿದ್ದು ಹೇಗೆ ಅಂತ ಒಬ್ಬರೂ ಕೇಳಲಿಲ್ಲ. ಕೇಳುವುದಕ್ಕೆ ನಾವು ಜಾಗವನ್ನೇ ಇಟ್ಟಿರಲಿಲ್ಲ, ಅಲ್ವಾ?

ಮರುದಿನ ಕಿನ್ನಾಳಕ್ಕೆ ಹೋದೆ. ಪರಿಚಯದ ಮನೆಯೊಂದರ ಪಡಸಾಲೆಯಲ್ಲಿ ಕೂತು ನೋಡಿದೆ. ಹಳೇ ಗೋಣಿತಟ್ಟನ್ನು ನೆನೆಸಿ, ಚೂರು ಚೂರು ಮಾಡಿ, ಒಣಗಿಸಿ, ಪುಡಿ ಮಾಡಿ, ಅದನ್ನು ಮರದ ಹೊಟ್ಟಿನ ಜೊತೆ ಹುಣಸೆಬೀಜದ ಅಂಟಿನಲ್ಲಿ ಕಲಸುತ್ತಾರೆ. ಅದೇ ಕಿಟ್ಟ. ಹಗುರ ಮರದಲ್ಲಿ ಬೇರೆ ಬೇರೆ ಕೆತ್ತಿದ ಭಾಗಗಳನ್ನು ಜೋಡಿಸಿದ ಮೇಲೆ ಇದನ್ನು ಕೈಯಿಂದಲೇ ಮೈತುಂಬ ಮೆತ್ತುತ್ತಾರೆ. ಗರುಡನಿಗೆ ಹನ್ನೆರಡು ಭಾಗ, ಸಿಂಹಾಸನದ ಗಣಪನಿಗೆ ಇಪ್ಪತ್ತೆರಡು ಅಂತ ಲೆಕ್ಕ. ಅಷ್ಟೂ ಸಂದುಗಳು ಮುಚ್ಚಿಹೋಗಿ ಒಂದೇ ಮೈ ಆಗುವುದು ಕಿಟ್ಟದಿಂದ. ಅದರ ಮೇಲೆ ಹತ್ತಿಬಟ್ಟೆಯ ತುಂಡು ಅಂಟಿಸಿ, ಆಮೇಲೆ ಕಲ್ಲುಪುಡಿ ಮತ್ತು ಅಂಟಿನ ಲೇಪ ಕೊಟ್ಟು, ಒಣಗಿದ ಮೇಲೆ ಬಣ್ಣ. ನಮ್ಮ ಎರಡು ತಾಸು ಆ ಕೊನೆಯ ಹೆಜ್ಜೆಯದು ಮಾತ್ರ.

ಅಲ್ಲಿದ್ದ ಅಜ್ಜಿ ನನ್ನ ಅಂಗೈಗೆ ಒಂದು ಉಂಡೆ ಕಿಟ್ಟ ಹಾಕಿದರು. ತಣ್ಣಗೆ, ಹುಳಿವಾಸನೆ, ಒಳಗೆ ನಾರು ನಾರು. ಬೆರಳಿಗೆ ಅಂಟಿದರೆ ನೀರು ಜಾಸ್ತಿ, ಬಿರಿದರೆ ಕಮ್ಮಿ. ಅವರು ಅಳತೆ ಹೇಳಲಿಲ್ಲ, ಉಂಡೆಯನ್ನು ಹೆಬ್ಬೆರಳಿನಿಂದ ಒತ್ತಿ, "ಹಿಂಗ ಇರಬೇಕು ನೋಡು" ಅಂದರು, ಅಷ್ಟೇ. ಮನೆಗೆ ಬಂದು ನಾನೂ ಕಲಸಿ ಒಂದು ಮರದ ತುಂಡಿಗೆ ಮೆತ್ತಿ ಬಿಸಿಲಿಗಿಟ್ಟೆ. ಸಂಜೆಗೆ ಬಿರುಕು. ದಪ್ಪ ಮೆತ್ತಿದ್ದೆ. ಮೂರನೇ ಸಲಕ್ಕೆ ನೆರಳಲ್ಲಿ, ತೆಳುವಾಗಿ ಎರಡು ಪದರ ಕೊಟ್ಟಾಗ ನಿಂತಿತು. ಆ ಮೂರು ದಿನದಲ್ಲಿ ನಾನು ಕಲಿತದ್ದು ಬಣ್ಣ ಬಳಿದಾಗ ಕಲಿತದ್ದಕ್ಕಿಂತ ಎಷ್ಟೋ ಹೆಚ್ಚು.

ಹಾಗಂತ ಆನ್‌ಲೈನ್ ಬೇಡ ಅಂತ ನಾನು ಹೇಳುತ್ತಿಲ್ಲ. ಪುಣೆಯಿಂದ ಕೂತಿದ್ದ ಆ ಹುಡುಗಿಗೆ ಕಿನ್ನಾಳ ಸಿಗುವುದು ಹೀಗೇ ತಾನೇ. ಒಂದೇ ದಿನ ಮುಗಿಸಬೇಡ, ನಾಲ್ಕು ಭಾನುವಾರ ಮಾಡು. ಗೋಣಿತಟ್ಟು, ಮರದ ಹೊಟ್ಟು, ಹುಣಸೆಬೀಜ ಎಲ್ಲ ಊರಲ್ಲೂ ಸಿಗುತ್ತವೆ, ಅದಕ್ಕೆ ಕೊರಿಯರ್ ಬೇಕಿಲ್ಲ. ಮೊದಲ ವಾರ ನೆನೆಸಿ ಕಲಸುವುದು, ಎರಡನೇ ವಾರ ಯಾರದು ಬಿರಿಯಿತು, ಯಾರದು ನಿಂತಿತು ಅಂತ ನೋಡುವುದು. ಒಣಗುವ ದಿನಗಳೂ ಪಾಠದ ಲೆಕ್ಕಕ್ಕೇ ಬರಲಿ. ಮಾತಾಡುವವರು ಕಿನ್ನಾಳದವರೇ ಆಗಿರಲಿ, ಅವರ ಕನ್ನಡದಲ್ಲೇ. ನಡುನಡುವೆ ನೀನು ವಿವರಿಸುವುದಕ್ಕೆ ಹೋಗಬೇಡ. ಭಾಷಣ ಮಾಡುವವರಿಗೆ ಕೊಡುವಷ್ಟೇ ಹಣ ಅವರಿಗೂ ಕೊಡು. ಈ ಕಲೆಗೆ ಜಿಐ, ಅಂದರೆ ಈ ಊರಿನದೇ ಎಂಬ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಸಂತೋಷವೇ, ಆದರೆ ಆ ಮನೆಯ ಮಗ ಈ ಕೆಲಸದಲ್ಲೇ ಉಳಿಯಬೇಕಾದರೆ ತಿಂಗಳ ಖರ್ಚೂ ಹುಟ್ಟಬೇಕು.

ನೆಟ್‌ವರ್ಕ್ ಅವರ ಪಡಸಾಲೆಯಲ್ಲಿ ಪರವಾಗಿಲ್ಲ, ಪರೀಕ್ಷೆ ಮಾಡಿದ್ದೇನೆ. ಕ್ಯಾಮೆರಾ ಹಿಡಿಯುವುದಕ್ಕೆ ನಾನಿದ್ದೇನೆ. ಮುಖಕ್ಕಲ್ಲ, ಕೈಗೆ ಹಿಡಿಯುತ್ತೇನೆ. ಒಪ್ಪಿಗೆಯಾದರೆ ಬೇಗ ತಿಳಿಸು. ಮಳೆ ಹಿಡಿದರೆ ಕಿಟ್ಟ ಒಣಗುವುದು ತಡ ಅಂತ ಅಜ್ಜಿ ಈಗಲೇ ಹೇಳಿದ್ದಾರೆ.

ನಿನ್ನ ಗೆಳೆಯ,
ಕೊಪ್ಪಳದಿಂದ