ನ್ಯೂಯಾರ್ಕ್‌ನಲ್ಲಿ ಹಿಮ, ಸರಿ, ಆದರೆ ಯಾವ ಓಣಿಯಲ್ಲಿ?

ಸಂಪಾದಕರಿಗೆ ನಮಸ್ಕಾರ.

ಥಂಡಿ ಶುರುವಾಯಿತು ಅಂದರೆ ನಿಮ್ಮ ಪತ್ರಿಕೆಯ ವಿದೇಶ ಪುಟದಲ್ಲಿ ಒಂದು ಫೋಟೊ ತಪ್ಪದೆ ಬರುತ್ತದೆ. ಹಿಮದಲ್ಲಿ ಹೂತುಹೋದ ಕಾರು, ಪಕ್ಕದಲ್ಲಿ ಸಲಿಕೆ ಹಿಡಿದು ನಿಂತ ಮನುಷ್ಯ, ಕೆಳಗೆ ‘ನ್ಯೂಯಾರ್ಕ್‌ನಲ್ಲಿ ಭಾರಿ ಹಿಮಪಾತ, ಜನಜೀವನ ಅಸ್ತವ್ಯಸ್ತ’ ಎಂದು ಎರಡು ಸಾಲು. ಅಷ್ಟೇ. ಅದನ್ನು ಓದಿದ ನಮ್ಮ ಓಣಿಯವರು ಒಬ್ಬರಾದ ಮೇಲೆ ಒಬ್ಬರು ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. “ಅಕ್ಕಾರೆ, ನಿಮ್ಮ ಮಗಳು ಆರಾಮ ಅದಾಳಲ್ರಿ?” ನಾನು ಗಾಬರಿಯಾಗಿ ಫೋನ್ ಹಚ್ಚುತ್ತೇನೆ. ಅಲ್ಲಿ ಆಗ ಮಧ್ಯರಾತ್ರಿ. ಮಗಳು ನಿದ್ದೆಯಿಂದ ಎದ್ದು ನನಗಿಂತ ಜಾಸ್ತಿ ಗಾಬರಿಯಾಗಿ “ಏನಾಯ್ತವ್ವಾ, ಅಪ್ಪ ಆರಾಮ ಇದ್ದಾರಿಲ್ಲ?” ಅನ್ನುತ್ತಾಳೆ. ಎರಡೂ ಕಡೆ ಏನೂ ಆಗಿರುವುದಿಲ್ಲ.

ಮೊದಲ ತಕರಾರು ಹೆಸರಿನದು. ಮಗಳು ಇರುವುದು ಬಫೆಲೊ ಊರಿನ ಉತ್ತರಕ್ಕಿರುವ ಆಮ್ಹರ್ಸ್ಟ್‌ನಲ್ಲಿ. ಅದು ನ್ಯೂಯಾರ್ಕ್ ರಾಜ್ಯ ಹೌದು, ಆದರೆ ಸಿನಿಮಾದಲ್ಲಿ ತೋರಿಸುವ ನ್ಯೂಯಾರ್ಕ್ ಸಿಟಿಗೂ ಬಫೆಲೊಗೂ ರಸ್ತೆಯಲ್ಲಿ ಸುಮಾರು 600 ಕಿಲೋಮೀಟರ್, ಅಂದರೆ ಕಲಬುರಗಿಯಿಂದ ಬೆಂಗಳೂರಿಗೆ ಹೋದ ಹಾಗೆ. ಬೆಂಗಳೂರಿನಲ್ಲಿ ರಸ್ತೆ ಮೇಲೆ ನೀರು ನಿಂತರೆ ಕಲಬುರಗಿಯವರು ಕೊಡೆ ಹಿಡಿಯುತ್ತಾರಾ?

ಬಫೆಲೊ ಒಳಗೇ ಇನ್ನೊಂದು ಕಥೆ ಇದೆ. ಈ ಪತ್ರ ಬರೆಯುತ್ತಿರುವುದು ಅದಕ್ಕೇ.

2014ರಲ್ಲಿ ಮಗಳ ಬಾಣಂತನಕ್ಕೆ ಹೋಗಿದ್ದೆ. ಕೂಸಿಗೆ ಎರಡು ತಿಂಗಳು ತುಂಬಿರಲಿಲ್ಲ. ನವೆಂಬರ್ 18, ಮಂಗಳವಾರ. ಬೆಳಿಗ್ಗೆ ಕಿಟಕಿ ಪರದೆ ಸರಿಸಿದರೆ ಅಂಗಳದಲ್ಲಿ ತೆಳ್ಳಗೆ ರಂಗೋಲಿ ಪುಡಿ ಚೆಲ್ಲಿದಷ್ಟು ಹಿಮ. ಬಿಸಿಲೂ ಇತ್ತು. ಆದರೆ ದಕ್ಷಿಣಕ್ಕೆ ನೋಡಿದರೆ ನೆಲದಿಂದ ಆಕಾಶದವರೆಗೆ ಒಂದು ಗೋಡೆ. ಬೆಳ್ಳಗೆ, ಕೆಳಗೆ ಬೂದಿ ಬಣ್ಣ. ನಮ್ಮ ಕಡೆ ಮೇ ತಿಂಗಳಲ್ಲಿ ಧೂಳಿನ ಗಾಳಿ ಎದ್ದು ಬರುತ್ತದಲ್ಲ, ಹಾಗೆ. ಆದರೆ ಅದು ಬರುತ್ತಲೂ ಇಲ್ಲ, ಹೋಗುತ್ತಲೂ ಇಲ್ಲ. ನಿಂತಿದೆ. ನಾನು ಅಳಿಯಂದಿರನ್ನು ಕರೆದು ತೋರಿಸಿದೆ. “ಅದರ ಕೆಳಗೆ ಈಗ ಜನ ಹೂತುಹೋಗಿದ್ದಾರೆ ಅತ್ತೆ” ಅಂದರು. ಸುಮ್ನೆ ಹೇಳುತ್ತಿದ್ದಾರೆ ಅಂದುಕೊಂಡೆ.

ಸುಮ್ನೆ ಹೇಳಿದ್ದಲ್ಲ. ಬಫೆಲೊ ದಕ್ಷಿಣ ಮತ್ತು ಪೂರ್ವದ ಲ್ಯಾಂಕಸ್ಟರ್, ವೆಸ್ಟ್ ಸೆನೆಕಾ, ಹ್ಯಾಂಬರ್ಗ್ ಕಡೆ ಆ ಮೂರ್ನಾಲ್ಕು ದಿನದಲ್ಲಿ ಐದು, ಆರು, ಕೆಲವು ಕಡೆ ಏಳು ಅಡಿ ಬಿತ್ತು. ಅಲ್ಲಿಂದ ಕೆಲವೇ ಮೈಲಿ ಉತ್ತರಕ್ಕೆ ಬೆರಳಿನಲ್ಲಿ ಎಣಿಸುವಷ್ಟು ಇಂಚು. ಇದನ್ನು ನಮ್ಮ ಲೆಕ್ಕಕ್ಕೆ ತಂದು ನೋಡಿ: ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನಲ್ಲಿ ಜನ ಬಿಸಿಲಿನಲ್ಲಿ ತರಕಾರಿ ಕೊಳ್ಳುತ್ತಿದ್ದಾರೆ, ಅದೇ ಹೊತ್ತಿಗೆ ಪಕ್ಕದ ಶಹಾಬಾದ್‌ನಲ್ಲಿ ಮನೆಯ ಬಾಗಿಲೇ ಮುಚ್ಚಿಹೋಗಿದೆ. ಹೆದ್ದಾರಿಯನ್ನು 200 ಕಿಲೋಮೀಟರ್‌ಗೂ ಜಾಸ್ತಿ ಉದ್ದಕ್ಕೆ ಬಂದ್ ಮಾಡಿದ್ದರು. ಕಾಲೇಜು ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡವೊಂದು ಬಸ್ಸಿನಲ್ಲೇ ಒಂದು ದಿನಕ್ಕೂ ಹೆಚ್ಚು ಹೊತ್ತು ಸಿಕ್ಕಿಹಾಕಿಕೊಂಡಿತ್ತು. ಹತ್ತಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹಲವರು ಹಿಮ ಬಾಚುತ್ತಾ ಬಾಚುತ್ತಾ ಎದೆ ಹಿಡಿದುಕೊಂಡು ಬಿದ್ದವರು.

ಅಳಿಯಂದಿರ ಜೊತೆ ಕೆಲಸ ಮಾಡುವ ಒಬ್ಬ ರಾಯಚೂರು ಕಡೆಯ ಹುಡುಗ ಲ್ಯಾಂಕಸ್ಟರ್‌ನಲ್ಲಿ ಒಬ್ಬನೇ ಇದ್ದ. ಬಾಗಿಲು ಒಳಕ್ಕೆ ತೆಗೆದರೆ ಎದುರಿಗೆ ಹಿಮದ ಮೇಲೆ ಬಾಗಿಲಿನದೇ ಅಚ್ಚು ಮೂಡಿತ್ತಂತೆ, ಹಿಡಿಕೆಯ ಗುರುತು ಸಮೇತ. ನಾನು ಊರಿನಿಂದ ಒಯ್ದಿದ್ದ ತೊಗರಿಬೇಳೆಯಲ್ಲಿ ಒಂದು ಸೇರು ಹಿಂದಿನ ವಾರವಷ್ಟೇ ಅವನಿಗೆ ಕೊಟ್ಟು ಕಳಿಸಿದ್ದೆ. ಐದು ದಿನ ಅನ್ನ ಬೇಳೆಯಲ್ಲೇ ಕಳೆದ. ನಾವು ಆ ಐದೂ ದಿನ ಅಂಗಡಿಗೆ ಹೋಗಿ ಹಾಲು ತಂದೆವು. ಇಲ್ಲಿ ನಮ್ಮ ಮನೆಯವರು ಟಿವಿಯಲ್ಲಿ ‘ಬಫೆಲೊ ಮುಳುಗಿತು’ ಎಂದು ನೋಡಿ ಊಟ ಬಿಟ್ಟು ಕೂತಿದ್ದರು.

ಹೀಗೆ ಯಾಕೆ ಆಗುತ್ತದೆ ಎಂದು ಅಳಿಯಂದಿರು ಕಾಗದದ ಮೇಲೆ ಗೆರೆ ಎಳೆದು ತಿಳಿಸಿದ್ದರು. ಅಲ್ಲಿ ಇದಕ್ಕೆ ‘ಲೇಕ್ ಎಫೆಕ್ಟ್ ಸ್ನೋ’ ಅನ್ನುತ್ತಾರೆ. ಬಫೆಲೊ ಪಕ್ಕದಲ್ಲಿ ಈರಿ ಎಂಬ ಸರೋವರ. ಸರೋವರ ಅಂದರೆ ನಮ್ಮ ಕಲಬುರಗಿಯ ಅಪ್ಪನ ಕೆರೆಯ ಹಾಗೆ ಒಂದು ಸುತ್ತು ವಾಕಿಂಗ್ ಮಾಡಿ ಬರುವಂಥದ್ದಲ್ಲ. ಉದ್ದ 388 ಕಿಲೋಮೀಟರ್. ಕಲಬುರಗಿಯಿಂದ ನೇರ ಗೆರೆ ಎಳೆದರೆ ಹಿರಿಯೂರಿನವರೆಗೆ ಬರೀ ನೀರು ಅಂದುಕೊಳ್ಳಿ. ಅಗಲ ಹೆಚ್ಚೆಂದರೆ ಕಲಬುರಗಿಯಿಂದ ಬೀದರ್‌ನಷ್ಟು. ಬಫೆಲೊ ಇರುವುದು ಇದರ ಪೂರ್ವದ ತುದಿಯಲ್ಲಿ.

ನವೆಂಬರ್‌ನಲ್ಲಿ ಈ ನೀರು ಬೇಸಿಗೆಯ ಬಿಸಿಯನ್ನು ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ. ಅದರ ಮೇಲೆ ಉತ್ತರದಿಂದ ಮೈ ಕೊರೆಯುವ ಒಣ ಗಾಳಿ ಬರುತ್ತದೆ. ಥಂಡಿ ದಿನ ಬೆಳಗಿನ ಜಾವ ಬಚ್ಚಲ ಹಂಡೆಯ ಮುಚ್ಚಳ ತೆಗೆದರೆ ಉಗಿ ಹೇಗೆ ಭುಸ್ ಅಂತ ಮೇಲೇಳುತ್ತದೆ? ಹಾಗೆ. ನೀರಿಗೂ ಒಂದೂವರೆ ಕಿಲೋಮೀಟರ್ ಮೇಲಿನ ಗಾಳಿಗೂ ಸುಮಾರು 13 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ ಇದ್ದರೆ ಆಟ ಶುರು ಎಂದು ಅಲ್ಲಿನ ಹವಾಮಾನದವರ ಲೆಕ್ಕ. ಆ ಗಾಳಿ ನೀರಿನಿಂದ ಬಿಸಿ, ತೇವ ಎರಡನ್ನೂ ಹೀರಿ ಮೇಲಕ್ಕೆ ಎದ್ದು ಮೋಡವಾಗಿ, ಆಚೆ ದಡ ಮುಟ್ಟಿದ ಮೇಲೆ ಹಿಮವಾಗಿ ಸುರಿಯುತ್ತದೆ. ಒಮ್ಮೊಮ್ಮೆ ಹಿಮ ಬೀಳುವಾಗಲೇ ಗುಡುಗು ಮಿಂಚು.

ಗಾಳಿ ಸರೋವರಕ್ಕೆ ಅಡ್ಡಲಾಗಿ ಬೀಸಿದರೆ ಅಲ್ಲಲ್ಲಿ ಚೂರು ಚೂರು ಹಿಮ. ಆದರೆ ಉದ್ದಕ್ಕೆ ಬೀಸಿದರೆ ತೇವವೆಲ್ಲ ಒಂದೇ ಪಟ್ಟಿಯಾಗಿ ಕೂಡಿ, ಕೆಲವೇ ಕಿಲೋಮೀಟರ್ ಅಗಲದಲ್ಲಿ, ಒಂದೇ ಜಾಗದ ಮೇಲೆ ಗಂಟೆಗಟ್ಟಲೆ ಬೀಳುತ್ತದೆ. ರಾಶಿ ತೂರುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಾಳಿ ಹೋದ ಕಡೆಗೇ ಹೊಟ್ಟು ಒಂದು ಸಾಲಾಗಿ ಬೀಳುತ್ತದೆ, ಎರಡು ಮಾರು ಆಚೆ ಕೂತವರ ತಲೆಯ ಮೇಲೆ ಒಂದು ಕಡ್ಡಿಯೂ ಇರುವುದಿಲ್ಲ, ಗಾಳಿ ಸ್ವಲ್ಪ ತಿರುಗಿತೋ ಸಾಲೂ ತಿರುಗುತ್ತದೆ. ಹಾಗಾಗಿ ಅಲ್ಲಿನವರು ಮಳೆ, ಹಿಮ ಅನ್ನುವುದಕ್ಕಿಂತ ಮೊದಲು ಗಾಳಿ ಯಾವ ಕಡೆ ಎಂದು ಕೇಳುತ್ತಾರೆ. ಜನವರಿ, ಫೆಬ್ರವರಿ ಹೊತ್ತಿಗೆ ಈರಿ ಬಹಳಷ್ಟು ವರ್ಷ ಹೆಪ್ಪುಗಟ್ಟುತ್ತದೆ, ಆಳ ಕಡಿಮೆ, ಸರಾಸರಿ 19 ಮೀಟರ್ ಅಷ್ಟೇ. ಆಗ ಹಂಡೆಗೆ ಮುಚ್ಚಳ ಬಿದ್ದ ಹಾಗೆ. ಪಕ್ಕದ ಒಂಟಾರಿಯೋ ಸರೋವರ ಆಳವಾದದ್ದು, ಅದು ಪೂರ್ತಿ ಹೆಪ್ಪುಗಟ್ಟುವುದೇ ಅಪರೂಪ, ಅದಕ್ಕೇ ಅದರ ಪೂರ್ವಕ್ಕಿರುವ ಟಗ್ ಹಿಲ್ ಎಂಬ ಎತ್ತರದ ಪ್ರದೇಶದಲ್ಲಿ ಚಳಿಗಾಲ ಪೂರ್ತಿ ಹಿಮ ಪೇರುತ್ತಲೇ ಇರುತ್ತದೆ.

ನನಗೆ ಹಿಡಿಸಿದ್ದು ಇದಕ್ಕಿಂತ ಅವರ ಸುದ್ದಿ ಹೇಳುವ ರೀತಿ. ಬಫೆಲೊ ಇರುವ ಜಿಲ್ಲೆ ಒಂದೇ, ಈರಿ ಕೌಂಟಿ. ಆದರೆ ಹವಾಮಾನದವರು ಅದನ್ನು ಉತ್ತರ ಈರಿ, ದಕ್ಷಿಣ ಈರಿ ಎಂದು ಎರಡು ಮಾಡಿ ಬೇರೆ ಬೇರೆ ಮುನ್ಸೂಚನೆ ಕೊಡುತ್ತಾರೆ. ವಾಹನ ಹೊರತರಬಾರದು ಎಂಬ ನಿಷೇಧವೂ ಊರು ಊರಿಗೆ ಬೇರೆ. ಜನರ ಬಾಯಲ್ಲೂ ನಾರ್ತ್‌ಟೌನ್ಸ್, ಸೌತ್‌ಟೌನ್ಸ್ ಎಂದೇ ಮಾತು. ‘ಬಫೆಲೊದಲ್ಲಿ ಹಿಮ’ ಎಂದು ಅಲ್ಲಿ ಯಾರಾದರೂ ಹೇಳಿದರೆ ಮುಂದಿನ ಪ್ರಶ್ನೆ ‘ಎಲ್ಲಿ?’

ಹಾಗಂತ ಅವರದೆಲ್ಲ ಸರಿ ಅಂತಲ್ಲ. 2022ರ ಡಿಸೆಂಬರ್ 23ರಂದು, ಕ್ರಿಸ್‌ಮಸ್‌ಗೆ ಎರಡು ದಿನ ಮುಂಚೆ, ಹಿಮದ ಬಿರುಗಾಳಿ ಈ ಸಲ ಬಫೆಲೊ ನಗರದ ಮೇಲೆಯೇ ಕೂತಿತು. ವಿಮಾನ ನಿಲ್ದಾಣದಲ್ಲಿ ನಾಲ್ಕಡಿಗೂ ಮೇಲೆ ಅಳತೆ ಸಿಕ್ಕಿತು. ಬಿರುಗಾಳಿ ಬರುತ್ತದೆಂದು ದಿನಗಳ ಮುಂಚೆಯೇ ಹೇಳಿದ್ದರು, ಆದರೆ ವಾಹನ ನಿಷೇಧ ಜಾರಿಯಾದದ್ದು ಬೆಳಿಗ್ಗೆ 9.30ಕ್ಕೆ, ಜನ ಕೆಲಸಕ್ಕೆ ಹೊರಟು ಹೋದ ಮೇಲೆ. ಆ ಕೌಂಟಿಯಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ಕೆಲವರು ಕಾರಿನಲ್ಲಿ, ಕೆಲವರು ಬೀದಿಯಲ್ಲಿ, ಕೆಲವರು ಕರೆಂಟಿಲ್ಲದ, ಬಿಸಿಯಿಲ್ಲದ ಮನೆಯೊಳಗೆ. ಸತ್ತವರಲ್ಲಿ ಕಪ್ಪು ಜನರ ಪಾಲು ಜಾಸ್ತಿ. ಆ ಸಲ ಅದೇ ಹಿಮ ಒಬ್ಬರ ಮನೆಯಲ್ಲಿ ಮಕ್ಕಳಿಗೆ ರಜೆ, ಇನ್ನೊಬ್ಬರ ಮನೆಯಲ್ಲಿ ಸಾವು. ಅಂಗಳದಲ್ಲಿ ಎಷ್ಟು ಬಿತ್ತು ಅನ್ನುವುದರ ಜೊತೆಗೆ ಯಾರ ಅಂಗಳ ಅನ್ನುವುದನ್ನೂ ಕೇಳಬೇಕಾಯಿತು.

ಸರಿ, ಕಲಬುರಗಿಗೆ ಬರೋಣ. ನಮ್ಮದು ಬಿಸಿಲೂರು ಎಂದು ಹೆಸರು ಬಿದ್ದುಬಿಟ್ಟಿದೆ, ಹಾಗಾಗಿ ಥಂಡಿ ಯಾರ ಲೆಕ್ಕಕ್ಕೂ ಇಲ್ಲ. ಮೇ ತಿಂಗಳಲ್ಲಿ 43, 44 ಎಂದು ಮುಖಪುಟದಲ್ಲಿ ದಪ್ಪಗೆ ಹಾಕುವ ನೀವು ಡಿಸೆಂಬರ್‌ನಲ್ಲಿ ಒಳಪುಟದ ಮೂಲೆಯಲ್ಲಿ ‘ಕಲಬುರಗಿ, ಕನಿಷ್ಠ ಇಷ್ಟು’ ಎಂದು ಒಂದೇ ಅಂಕಿ ಹಾಕುತ್ತೀರಿ. ಅದು ನಗರದ ಒಂದು ಕೇಂದ್ರದ ಅಂಕಿ. ಜಿಲ್ಲೆಯಲ್ಲಿ 11 ತಾಲ್ಲೂಕು ಇವೆ. ಚಿಂಚೋಳಿಯ ಕಾಡಂಚಿನ ತಾಂಡಾದಲ್ಲಿ, ಭೀಮಾ ದಂಡೆಯ ಅಫಜಲಪುರದ ಹೊಲದಲ್ಲಿ, ಕಾಂಕ್ರೀಟ್ ತುಂಬಿದ ಬಸ್ ಸ್ಟ್ಯಾಂಡಿನಲ್ಲಿ ಅದೇ ಥಂಡಿ ಇರುತ್ತದಾ?

ಹೊಲದಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ. ಆಳಂದ ತಾಲ್ಲೂಕಿನಲ್ಲಿ ನಮ್ಮದು ಎಂಟು ಎಕರೆ. ಅರ್ಧ ದಿಬ್ಬ, ಅರ್ಧ ನಾಲಾ ಕಡೆಗೆ ಇಳಿದ ತಗ್ಗು. ಗಾಳಿಯಿಲ್ಲದ ತಿಳಿ ರಾತ್ರಿಯಲ್ಲಿ ತಣ್ಣನೆಯ ಗಾಳಿ ಭಾರವಾಗಿ ನೀರಿನ ಹಾಗೆಯೇ ತಗ್ಗಿಗೆ ಹರಿದು ನಿಲ್ಲುತ್ತದೆ, ನಾಲಾದ ತೇವವೂ ಸೇರಿ ಬೆಳಗಿನ ಜಾವ ಮಂಜು ಕವಿಯುತ್ತದೆ. ಒಂದು ವರ್ಷ ತೊಗರಿ ಹೂವಿಗೆ ಬಂದಾಗ ಹೀಗೆ ಒಂದು ವಾರ ಮಂಜು ಕೂತಿತ್ತು. ಎಳ್ಳ ಅಮಾವಾಸ್ಯೆಗೆ ಭಜ್ಜಿ ಪಲ್ಯ, ಸಜ್ಜೆ ರೊಟ್ಟಿ ಕಟ್ಟಿಕೊಂಡು ಚರಗ ಚೆಲ್ಲಲು ಹೋದರೆ ದಿಬ್ಬದ ಗಿಡದಲ್ಲಿ ಕಾಯಿ ಗೊಂಚಲು, ತಗ್ಗಿನ ಗಿಡದಲ್ಲಿ ಬರೀ ಎಲೆ. ಎರಡಕ್ಕೂ ನಡುವೆ ಒಂದು ಬದು. “ಎತ್ತಿನ ಒಂದು ಕೋಡು ತೊಯ್ದರೆ ಇನ್ನೊಂದು ಒಣ” ಎಂದು ನಮ್ಮತ್ತೆ ಮಳೆಗೆ ಹೇಳುತ್ತಿದ್ದರು, ಅವತ್ತು ಅದನ್ನೇ ಮಂಜಿಗೂ ಹೇಳಿದೆ.

ವಿಮೆ ಕಟ್ಟಿದ್ದೆವು. ತೊಗರಿಯಂಥ ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿಯನ್ನೇ ಒಂದು ಘಟಕ ಮಾಡಿ, ಕೆಲವು ಹೊಲ ಆರಿಸಿ, ಬೆಳೆ ಕೊಯ್ದು ತೂಗಿ ಸರಾಸರಿ ತೆಗೆಯುತ್ತಾರೆ. ದಿಬ್ಬದವರು ಜಾಸ್ತಿ ಇದ್ದ ನಮ್ಮ ಪಂಚಾಯಿತಿಯಲ್ಲಿ ತಗ್ಗಿನವರ ನಷ್ಟ ಆ ಸರಾಸರಿಯಲ್ಲಿ ಕರಗಿಹೋಯಿತು. ಕೇಳಲು ಹೋದರೆ “ಈ ವರ್ಷ ಅಂಥ ಥಂಡಿ ಎಲ್ಲಿ ಬಿದ್ದಿದೆ, ಪೇಪರ್‌ನಲ್ಲೂ ಬಂದಿಲ್ಲ” ಎಂಬ ಉತ್ತರ. ನಿಮ್ಮ ಮೂಲೆಯ ಒಂದು ಅಂಕಿಗೆ ಎಷ್ಟು ಬೆಲೆ ಇದೆ ಎಂದು ಅವತ್ತು ತಿಳಿಯಿತು.

ಅಂಕಿಗಳು ಇಲ್ಲವೇ ಇಲ್ಲ ಅನ್ನುವಂತಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಪಂಚಾಯಿತಿ ಮಟ್ಟದಲ್ಲಿ ಮಳೆಮಾಪನ, ಹೋಬಳಿ ಮಟ್ಟದಲ್ಲಿ ಉಷ್ಣಾಂಶ ಅಳೆಯುವ ಯಂತ್ರ ಕೂರಿಸಿದ್ದಾರೆ, ವರುಣ ಮಿತ್ರ ಎಂಬ ಸಹಾಯವಾಣಿಯೂ ಇದೆ. ಮಳೆಗಾಲದಲ್ಲಿ ಆ ಮಳೆಯ ಅಂಕಿಯನ್ನು ನೀವೂ ಬಳಸುತ್ತೀರಿ. ಥಂಡಿ ಬಂದರೆ ಯಾಕೆ ಮರೆಯುತ್ತೀರಿ?

ವಿದೇಶ ಪುಟದವರಿಗೆ ಒಂದು ಮಾತು ಹೇಳಿ: ಫೋಟೊ ಹಾಕುವಾಗ ಊರಿನ ಹೆಸರು ಹಾಕಲಿ. ಬಫೆಲೊ ಅಂದರೂ ಸಾಲದು, ಉತ್ತರವೋ ದಕ್ಷಿಣವೋ ಬರೆಯಲಿ. ನಮ್ಮ ಓಣಿಯ ಹತ್ತು ಮನೆಗೆ ನೆಮ್ಮದಿ, ಮಗಳಿಗೆ ನಿದ್ದೆ. ಜಿಲ್ಲಾ ಪುಟದಲ್ಲಿ ನವೆಂಬರ್‌ನಿಂದ ಫೆಬ್ರವರಿವರೆಗೆ ಹೋಬಳಿವಾರು ಕನಿಷ್ಠ ಉಷ್ಣಾಂಶ ಹಾಕಿ, ಎಲ್ಲಿ ಮಂಜು ಕವಿದಿತ್ತು ಎಂದು ಒಂದು ಸಾಲು ಸೇರಿಸಿ. ಜಾಗ ಇಲ್ಲ ಅನ್ನಬೇಡಿ, ರಾಶಿ ಭವಿಷ್ಯಕ್ಕೆ ದಿನಾ ಕಾಲು ಪುಟ ಹೋಗುತ್ತದೆ. ನಮ್ಮ ಆಳಂದದ ನಿಂಬರ್ಗಾ, ಖಜೂರಿ ಹೋಬಳಿಗಳ ಅಂಕಿಗಳನ್ನು ಎಷ್ಟೇ ಸಣ್ಣ ಅಕ್ಷರದಲ್ಲಿ ಹಾಕಿದರೂ ಪರವಾಗಿಲ್ಲ, ಕನ್ನಡಕ ಹಾಕಿಕೊಂಡು ಓದುತ್ತೇನೆ.

ಇಂತಿ,
ನಿಮ್ಮ ಹಳೆಯ ಓದುಗರಲ್ಲಿ ಒಬ್ಬಳು,
ಬ್ರಹ್ಮಪುರ, ಕಲಬುರಗಿ