ಕುಯ್ಲು ಮುಗಿಯಲೆಂದು ಕಾಯಬೇಡಿ

ಮಾನ್ಯರೇ,

ಕೊಡಗಿನ ಕಾಫಿ ತೋಟದ ಮನೆಗಳಲ್ಲಿ ಯಾವ ಮಾತೆತ್ತಿದರೂ ಸಿಗುವ ಉತ್ತರ ಒಂದೇ: ‘ಕುಯ್ಲು ಮುಗಿಯಲಿ.’ ಅರೇಬಿಕಾ ತಳಿಯದು ಮುಗಿಯುವಷ್ಟರಲ್ಲಿ ರೊಬಸ್ಟಾ ಹಣ್ಣಾಗಿರುತ್ತದೆ. ಅದಾದ ಮೇಲೆ ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯಬೇಕು, ಇಲ್ಲವೇ ಸ್ಪ್ರಿಂಕ್ಲರ್ ಹೂಡಬೇಕು. ನೆರಳಿನ ಮರಗಳ ಕೊಂಬೆ ಸವರುವ ಮರಗಸಿ, ಗೊಬ್ಬರ, ಅಷ್ಟರಲ್ಲಿ ಮಳೆಗಾಲ. ತೋಟದ ಕೆಲಸಕ್ಕೆ ಕೊನೆಯೆಂಬುದಿಲ್ಲ.

ನನ್ನ ಅತ್ತೆಯವರಿಗೆ ಎಂಬತ್ತು ದಾಟಿದೆ. ತುಲಾ ಸಂಕ್ರಮಣದಂದು ಕಾವೇರಿ ಉಕ್ಕಿಬರುವ ತೀರ್ಥೋದ್ಭವ ನೋಡುವ ಆಸೆ ಅವರಿಗೆ ಬಹುಕಾಲದ್ದು. ಕಳೆದ ವರ್ಷ ತೋಟದ ಕೆಲಸ ನಿಲ್ಲಿಸಿ ತಲಕಾವೇರಿಗೆ ಕರೆದುಕೊಂಡು ಹೋದೆವು. ತೀರ್ಥ ತುಂಬಿದ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು, ಮುಚ್ಚಳ ಬಿಗಿಯಾಗಿದೆಯೇ ಎಂದು ಭಾಗಮಂಡಲದವರೆಗೂ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಆ ಮುಖದಲ್ಲಿದ್ದ ನೆಮ್ಮದಿಯನ್ನು ಯಾವ ಫಸಲೂ ತಂದುಕೊಡಲಾರದು.

ಉಳಿತಾಯ ಬೇಡವೆಂದು ನಾನು ಹೇಳುತ್ತಿಲ್ಲ. ದರ ಏರಿದಾಗ ಕೈ ಬಿಗಿ ಹಿಡಿಯದವರು ಇಳಿದಾಗ ಪರದಾಡುವುದನ್ನು ಕಂಡಿದ್ದೇನೆ. ಆದರೆ ಮಂಡಿನೋವಿನ ಚಿಕಿತ್ಸೆ, ತವರಿಗೆ ಹೋಗಿಬರುವುದು, ಮಗುವಿನ ಶಾಲೆಯ ಕ್ರೀಡಾಕೂಟ ಇವನ್ನೆಲ್ಲ ಕಾಫಿ ದರ ನೋಡಿ ಮುಂದೂಡುವುದು ಯಾವ ಲೆಕ್ಕಾಚಾರ? 2018ರ ಆಗಸ್ಟ್‌ನಲ್ಲಿ ಮಕ್ಕಂದೂರಿನ ಕಡೆ ಗುಡ್ಡ ಕುಸಿದಾಗ, ಮುಂದಿನ ವರ್ಷಕ್ಕೆಂದು ಜೋಪಾನ ಮಾಡಿದ್ದನ್ನೆಲ್ಲ ಎಷ್ಟೋ ಕುಟುಂಬಗಳು ಕಳೆದುಕೊಂಡವು.

ಬೆಂಗಳೂರಿನಲ್ಲಿರುವ ನಮ್ಮ ಮಕ್ಕಳಿಗೂ ಒಂದು ಕೋರಿಕೆ. ನಮ್ಮ ಸುಗ್ಗಿ ಹಬ್ಬ ಹುತ್ತರಿಯ ರಾತ್ರಿ ಕದಿರು (ಭತ್ತದ ತೆನೆ) ತೆಗೆಯಲು ಗದ್ದೆಗಿಳಿಯುವಾಗ ಹಿರಿಯರ ಪಕ್ಕದಲ್ಲಿ ನೀವೂ ಇರಬೇಕು. ರಜೆಯ ಅರ್ಜಿಯನ್ನು ಈಗಲೇ ಕೊಡಿ.

– ಕಾಫಿ ಬೆಳೆಗಾರ್ತಿ, ನಾಪೋಕ್ಲು