ಕಳಿಸುವವರ ಲೆಕ್ಕ ಬೇರೆ, ಹೋಗುವವರ ನಂಬಿಕೆ ಬೇರೆ

ಲಿಂಗಸುಗೂರು

ಚಿ. ಸವಿತಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪ್ರಬಂಧದ ಕರಡು ಓದಿದೆ. ‘ಆತ್ಮಾಹುತಿ ದಾಳಿಗೆ ಮೂಲ ಕಾರಣ ಮತಾಂಧತೆ’ ಅಂತ ಮೊದಲ ಸಾಲಿಗೇ ತೀರ್ಪು ಕೊಟ್ಟುಬಿಟ್ಟೀ. ಅದನ್ನು ಹೊಡೆದುಹಾಕು. ರಾಯಚೂರಿನ ಸ್ಪರ್ಧೆಯಲ್ಲಿ ಯಾರೂ ತಕರಾರು ತೆಗೆಯಲಿಕ್ಕಿಲ್ಲ, ಆದರೆ ವಿಷಯ ಬಲ್ಲವರೆದುರು ಆ ಮಾತು ನಿಲ್ಲುವುದಿಲ್ಲ.

ಶ್ರೀಪೆರಂಬುದೂರಿನಿಂದ ಶುರು ಮಾಡು. 1991ರ ಮೇ 21ರಂದು ರಾಜೀವ್ ಗಾಂಧಿಯವರನ್ನು ಕೊಂದ ಶ್ರೀಲಂಕಾದ ಎಲ್‌ಟಿಟಿಇ ದೇವರ ಹೆಸರಿನಲ್ಲಿ ಹೋರಾಡಿದ್ದಲ್ಲ. ಅದಕ್ಕೆ ಬೇಕಾಗಿದ್ದದ್ದು ತಮಿಳು ಈಳಂ, ಅಂದರೆ ತಮಿಳರಿಗೊಂದು ಬೇರೆ ದೇಶ. 1987ರ ಜುಲೈ 5ರಂದು ಅಲ್ಲಿನ ನೆಲ್ಲಿಯಡಿಯ ಸೇನಾ ಶಿಬಿರಕ್ಕೆ ಸ್ಫೋಟಕ ತುಂಬಿದ ಲಾರಿ ನುಗ್ಗಿಸಿದ್ದು ಅದರ ಕರಿಹುಲಿ ಎಂಬ ಆತ್ಮಾಹುತಿ ಪಡೆಯ ಮೊದಲ ದಾಳಿ. ಷಿಕಾಗೋದ ಪ್ರಾಧ್ಯಾಪಕ ರಾಬರ್ಟ್ ಪೇಪ್ 1980ರಿಂದ 2003ರವರೆಗಿನ 315 ಆತ್ಮಾಹುತಿ ದಾಳಿಗಳನ್ನು ಪಟ್ಟಿ ಮಾಡಿದಾಗ ಅದರಲ್ಲಿ 76 ಇವರವೇ ಆಗಿದ್ದವು. ಬೇರೆ ಯಾವ ಸಂಘಟನೆಯೂ ಅಷ್ಟು ಮಾಡಿರಲಿಲ್ಲ.

ಹಾಗಂತ ‘ಧರ್ಮಕ್ಕೂ ಇದಕ್ಕೂ ಸಂಬಂಧವೇ ಇಲ್ಲ’ ಅಂತ ಮತ್ತೊಂದು ತುದಿಗೆ ಹಾರಬೇಡ. ಎಲ್‌ಟಿಟಿಇ ಮಾಡಿದ್ದನ್ನೇ ಸರಿಯಾಗಿ ನೋಡು. ಸತ್ತವರನ್ನು ಹಿಂದೂ ಪದ್ಧತಿಯಂತೆ ಸುಡದೆ ಹೂಳಿತು, ಸಾಲು ಸಾಲು ಸಮಾಧಿ ಕಟ್ಟಿತು, ಪ್ರತಿ ನವೆಂಬರ್ 27ಕ್ಕೆ ಅಲ್ಲಿ ದೀಪ ಹಚ್ಚಿಸಿತು. ಸಾವು ವ್ಯರ್ಥವಲ್ಲ, ನಿನ್ನ ಹೆಸರು ಉಳಿಯುತ್ತದೆ ಅನ್ನುವ ಭರವಸೆಯನ್ನು ಧರ್ಮ ಕೊಡುತ್ತದಲ್ಲ, ಅದನ್ನು ಇವರು ದೇವರಿಲ್ಲದೆಯೇ ಕಟ್ಟಿಕೊಂಡರು. ಆ ಭರವಸೆ ಇಲ್ಲದೆ ಯಾವ ಸಂಘಟನೆಗೂ ಆಳು ಸಿಗುವುದಿಲ್ಲ. ನಿನ್ನ ಕರಡಿನಲ್ಲಿ ಇದರ ಸುಳಿವೇ ಇಲ್ಲ.

ಆದ್ದರಿಂದ ಕಳಿಸುವವರನ್ನೂ ಹೋಗುವವರನ್ನೂ ಒಂದೇ ತಕ್ಕಡಿಗೆ ಹಾಕಬೇಡ. ಕಳಿಸುವವರದು ಲೆಕ್ಕಾಚಾರ. 1983ರ ಅಕ್ಟೋಬರ್ 23ರಂದು ಲೆಬನಾನಿನ ಬೈರೂತ್‌ನಲ್ಲಿ ಎರಡು ಲಾರಿ ಬಾಂಬುಗಳಿಗೆ ಅಮೆರಿಕದ 241, ಫ್ರಾನ್ಸಿನ 58 ಸೈನಿಕರು ಸತ್ತರು. ಮರುವರ್ಷದ ಫೆಬ್ರವರಿಯಲ್ಲೇ ಅಮೆರಿಕದ ಪಡೆ ಅಲ್ಲಿಂದ ಕಾಲ್ತೆಗೆಯಿತು. ಇದನ್ನು ಜಗತ್ತಿನ ಎಷ್ಟೋ ಗುಂಪುಗಳು ಪಾಠದಂತೆ ಓದಿಕೊಂಡವು. ಪೈಪೋಟಿಯೂ ಇದೆ: ಇಸ್ರೇಲ್ ವಿರುದ್ಧ ಪ್ಯಾಲೆಸ್ತೀನಿಯರ ಎರಡನೇ ಇಂತಿಫಾದದಲ್ಲಿ, ಅಂದರೆ ದಂಗೆಯಲ್ಲಿ, ಇಸ್ಲಾಮಿ ಸಂಘಟನೆ ಹಮಾಸ್ ಹೆಸರು ಮಾಡುತ್ತಿದ್ದಂತೆ ಎದುರಾಳಿ ಪಕ್ಷ ಫತಾಹ್‌ಗೆ ಸೇರಿದ ಅಲ್ ಅಕ್ಸಾ ಬ್ರಿಗೇಡ್ಸ್, ಕೊನೆಗೆ ಮಾರ್ಕ್ಸ್‌ವಾದಿಗಳಾದ ಪಿಎಫ್‌ಎಲ್‌ಪಿ ಎಂಬ ಗುಂಪಿನವರೂ ಇದೇ ದಾರಿ ಹಿಡಿದರು. ಮಾರ್ಕ್ಸ್‌ವಾದಿಗಳಿಗೆ ಸ್ವರ್ಗದ ಆಸೆ ಎಲ್ಲಿಂದ ಬಂತು?

ಹೋಗುವವರು ಬಡವರು, ಓದದವರು, ತಲೆಕೆಟ್ಟವರು ಅಂತ ಬರೆದದ್ದೂ ತಪ್ಪು. ಅಮೆರಿಕದ ಮೇಲೆ ಸೆಪ್ಟೆಂಬರ್ 11ರ ದಾಳಿ ಮಾಡಿದ ಮೊಹಮ್ಮದ್ ಅಟ್ಟಾ ಹ್ಯಾಂಬರ್ಗ್‌ನಲ್ಲಿ ನಗರ ಯೋಜನೆ ಓದಿದವ. 2019ರ ಈಸ್ಟರ್ ದಿನ ಕೊಲಂಬೊದಲ್ಲಿ ಸ್ಫೋಟಿಸಿಕೊಂಡವರಲ್ಲಿ ಇಬ್ಬರು ಶ್ರೀಮಂತ ಮಸಾಲೆ ವ್ಯಾಪಾರಿಯ ಮಕ್ಕಳು. ಎಳೆದುಕೊಳ್ಳುವುದು ಬಹುಪಾಲು ಗೆಳೆಯರ, ಅಣ್ಣತಮ್ಮಂದಿರ ಸಣ್ಣ ಗುಂಪು. ದಾಳಿಗೆ ಮೊದಲೇ ಅವರ ವಿಡಿಯೊ ಮಾಡಿಸುವುದು ಪ್ರಚಾರಕ್ಕಷ್ಟೇ ಅಲ್ಲ. ‘ಹುತಾತ್ಮ’ ಅಂತ ಕ್ಯಾಮೆರಾ ಮುಂದೆ ಹೇಳಿಕೊಂಡ ಹುಡುಗ ಹಿಂದೆ ಸರಿದರೆ ಆ ಗುಂಪಿನಲ್ಲಿ ಮುಖ ತೋರಿಸಲಾರ.

ಪೇಪ್ ಅವರನ್ನು ಉಲ್ಲೇಖಿಸಿದರೆ ಅವರ ವಾದದ ಹುಳುಕನ್ನೂ ಬರೆ. ಪರಕೀಯ ಸೇನೆಯನ್ನು ನೆಲದಿಂದ ಓಡಿಸುವುದೇ ಮುಖ್ಯ ಉದ್ದೇಶ ಅಂದರು; ಆದರೆ ದಾಳಿ ನಡೆದ ಕಡೆಗಳನ್ನಷ್ಟೇ ಎಣಿಸಿದರು, ನಡೆಯದ ಕಡೆಗಳನ್ನು ಬಿಟ್ಟರು. ಚೀನಾದ ಹಿಡಿತದ ಟಿಬೆಟ್‌ನಲ್ಲಿ 2009ರಿಂದ 150ಕ್ಕೂ ಹೆಚ್ಚು ಜನ ತಮ್ಮನ್ನೇ ಸುಟ್ಟುಕೊಂಡರು, ಇನ್ನೊಬ್ಬರನ್ನು ಕೊಲ್ಲಲಿಲ್ಲ. ಈಸ್ಟರ್ ದಾಳಿಯ ಹೊತ್ತಿಗೆ ಶ್ರೀಲಂಕಾದಲ್ಲಿ ಯಾವ ಪರಕೀಯ ಸೇನೆಯೂ ಇರಲಿಲ್ಲ. 2017ರ ಫೆಬ್ರವರಿ 16ರಂದು ಪಾಕಿಸ್ತಾನದ ಸಿಂಧ್‌ನ ಸೆಹ್ವಾನ್‌ನಲ್ಲಿ ಲಾಲ್ ಶಾಹಬಾಜ್ ಕಲಂದರ್ ದರ್ಗಾದಲ್ಲಿ ಸತ್ತ ಎಂಬತ್ತಕ್ಕೂ ಹೆಚ್ಚು ಜನ ಯಾವ ಸೇನೆಯವರು? ಆ ದಾಳಿಯನ್ನು ತನ್ನದೆಂದದ್ದು ಐಎಸ್ (ಇಸ್ಲಾಮಿಕ್ ಸ್ಟೇಟ್). ದರ್ಗಾಕ್ಕೆ ನಡೆದುಕೊಳ್ಳುವುದೇ ಪಾಪ ಅನ್ನುವ ಮತವೇ ಅಲ್ಲಿ ಗುರಿಯನ್ನು ಆರಿಸಿತು. ಇಂಥ ಕಡೆ ಧರ್ಮದ ಪಾಲನ್ನು ಮುಚ್ಚಿಡುವುದೂ ಸುಳ್ಳೇ.

ಆದರೆ ಯಾವ ಧರ್ಮ, ಯಾರ ಓದು ಅಂತ ಹೇಳಬೇಕು. 2018ರ ಜನವರಿಯಲ್ಲಿ ಪಾಕಿಸ್ತಾನದ 1,800ಕ್ಕೂ ಹೆಚ್ಚು ಉಲೇಮಾಗಳು, ಅಂದರೆ ಧರ್ಮಪಂಡಿತರು, ಆತ್ಮಾಹುತಿ ದಾಳಿ ಹರಾಮ್ (ನಿಷಿದ್ಧ) ಅಂತ ಫತ್ವಾ ಕೊಟ್ಟರು, ಅದನ್ನು ಸೇರಿಸು. ಪ್ರವಾದಿಯ ಮೊಮ್ಮಗ ಹುಸೇನ್ ಬಲಿಯಾದ ಕರ್ಬಲಾದ ನೆನಪನ್ನು ಲೆಬನಾನಿನಲ್ಲಿ ಶಿಯಾ ಸಂಘಟನೆ ಹೆಜ್ಬುಲ್ಲಾ ಹೋರಾಟಕ್ಕೆ ಕರೆ ಮಾಡಿಕೊಂಡಿತು. ಅದೇ ಕರ್ಬಲಾ ನಮ್ಮ ಮುದಗಲ್ಲಿನ ಮೊಹರಂನಲ್ಲಿ ಕನ್ನಡದ ರಿವಾಯತ್ ಹಾಡಾಗಿ ಹಿಂದೂಗಳ ಬಾಯಲ್ಲೂ ಇದೆ. ಬಲಿದಾನದ ಕತೆ ತಾನಾಗಿ ಬಾಂಬು ಕಟ್ಟುವುದಿಲ್ಲ, ಕಟ್ಟುವವರು ಅದನ್ನು ಎತ್ತಿಕೊಳ್ಳಬೇಕು.

ಇನ್ನು ಕಾಶ್ಮೀರದ ಪುಲ್ವಾಮಾದಲ್ಲಿ 2019ರಲ್ಲಿ ನಡೆದ ದಾಳಿ. ಮಂಡ್ಯದ ಯೋಧನೂ ಸೇರಿ ಸಿಆರ್‌ಪಿಎಫ್‌ನ 40 ಜನ ಸತ್ತರು ಅಂತ ಬರೆದು ಮೂರು ಪ್ಯಾರಾ ಸಿಟ್ಟು ತುಂಬಿಸೀ. ಸಿಟ್ಟು ನ್ಯಾಯವೇ, ವಿಶ್ಲೇಷಣೆ ಎಲ್ಲಿ? ಹೊಣೆ ಹೊತ್ತದ್ದು ಪಾಕಿಸ್ತಾನದ ನೆಲದ ಜೈಶ್-ಎ-ಮೊಹಮ್ಮದ್, ಕಾರು ನುಗ್ಗಿಸಿದ್ದು ಅದೇ ಜಿಲ್ಲೆಯ ಹುಡುಗ, ಗುರಿ ಹೆದ್ದಾರಿಯಲ್ಲಿ ಸಾಗುತ್ತಿದ್ದ ಪಡೆ, ವಿಡಿಯೊ ಹೊರಬಂದದ್ದು ದಾಳಿಯ ನಂತರ. ಈ ನಾಲ್ಕನ್ನೂ ಬಿಡಿಬಿಡಿಯಾಗಿ ಬರೆ. ವಿಡಿಯೊದ ಮಾತಿನಿಂದ ಹುಡುಗನ ಮನಸ್ಸು ತಿಳಿಯಿತು ಅಂದುಕೊಳ್ಳಬೇಡ. ಹೇಳಿಸಿದವರಿಗೆ ಏನು ಬೇಕಿತ್ತು ಅನ್ನುವುದಷ್ಟೇ ಅದರಿಂದ ಖಚಿತ.

ಸಾವಿನ ಸಂಖ್ಯೆಯನ್ನು ಮೊದಲ ದಿನದ ಪತ್ರಿಕೆಯಿಂದ ಎತ್ತಬೇಡ. ಈಸ್ಟರ್ ದಾಳಿಯಲ್ಲಿ 359 ಅಂದಿದ್ದ ಶ್ರೀಲಂಕಾ ಸರ್ಕಾರವೇ ಛಿದ್ರವಾದ ದೇಹಗಳನ್ನು ಎರಡೆರಡು ಸಲ ಎಣಿಸಿದ್ದು ಗೊತ್ತಾಗಿ, ದಾಳಿಯಾದ ನಾಲ್ಕೇ ದಿನಕ್ಕೆ ಸುಮಾರು 253ಕ್ಕೆ ಇಳಿಸಿತು, ಆಮೇಲೆ ಮತ್ತೆ ಏರಿತು. ನಿನ್ನ ಕರಡಿನಲ್ಲಿ ಇನ್ನೂ 359 ಇದೆ. ತಿದ್ದಿ ಕಳಿಸು, ಮತ್ತೊಮ್ಮೆ ಓದುತ್ತೇನೆ.

ನಿನ್ನ
ದೊಡ್ಡಪ್ಪ